ಫಿಲ್ಮ್ ಬೇಕಾಗಿರುವುದು ಓಡುವ ಕಾರಿಗೆ

ಮುಂದೆ ಹೋಗುತ್ತಿದ್ದ ಲಾರಿಯ ಟೈರಿನಿಂದ ಕಲ್ಲು ಹಾರಿ ಬಂದು ಬಾನೆಟ್ಟಿಗೆ ಹೊಡೆಯಿತು ಅಂತ ಎಲ್ಲರೂ ಹೇಳುತ್ತೇವೆ. ನಡೆಯುವುದು ಬಹುಮಟ್ಟಿಗೆ ಉಲ್ಟಾ. ಉರುಳುವ ಟೈರಿನಲ್ಲಿ ರಸ್ತೆಗೆ ತಾಗಿಕೊಂಡಿರುವ ಭಾಗ ಆ ಕ್ಷಣಕ್ಕೆ ರಸ್ತೆಯ ಮೇಲೆ ನಿಂತೇ ಇರುತ್ತದೆ. ಅಲ್ಲಿಂದ ಬಿಟ್ಟುಕೊಂಡ ಕಲ್ಲಿಗೆ ಮೇಲಕ್ಕೆ ಏಳುವಷ್ಟು ವೇಗ ಸಿಗುತ್ತದೆ, ಹಿಂದಕ್ಕೆ ನುಗ್ಗುವ ವೇಗ ಅಷ್ಟಾಗಿ ಸಿಗುವುದಿಲ್ಲ. ಅದು ತನ್ನ ಪಾಡಿಗೆ ಎದ್ದು ಬೀಳುತ್ತಿರುವಾಗ, ಹಿಂದಿನಿಂದ ನಾವು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗಿ ಅದಕ್ಕೆ ಗುದ್ದುತ್ತೇವೆ. ಕಲ್ಲಿನ ತಪ್ಪು ಕಡಿಮೆ, ನಮ್ಮ ವೇಗದ ಪಾಲೇ ಜಾಸ್ತಿ. ಪೇಂಟಿನ ಮೇಲೆ ಅಂಟಿಸುವ ಪಾರದರ್ಶಕ ಫಿಲ್ಮ್ ಇರುವುದು ಈ ಗುದ್ದಿಗೇ.

ಶಾಲೆಯಲ್ಲಿ ಕಲಿತ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ವೇಗ ಎರಡು ಪಟ್ಟಾದರೆ ಏಟಿನ ಶಕ್ತಿ ನಾಲ್ಕು ಪಟ್ಟು. 2 ಗ್ರಾಂ ತೂಕದ ಕಲ್ಲಿನ ಚೂರಿಗೆ 50ರ ವೇಗದಲ್ಲಿ ಗುದ್ದಿದರೆ ಸುಮಾರು 0.2 ಜೂಲ್. 100ರಲ್ಲಿ ಅದು 0.77. 150ಕ್ಕೆ ಹೋದರೆ 1.7 ದಾಟುತ್ತದೆ. ಓದಲು ಪುಟ್ಟ ಸಂಖ್ಯೆಗಳೇ. ಆದರೆ ಕಲ್ಲು ತಾಗುವುದು ಅಂಗೈಯಗಲ ಅಲ್ಲ, ಅದರ ಒಂದು ಚೂಪು ಮೂಲೆ ಮಾತ್ರ. ಅಷ್ಟೂ ಶಕ್ತಿ ಒಂದು ಮಿಲಿಮೀಟರಿನಷ್ಟು ಜಾಗದಲ್ಲಿ ಇಳಿಯಬೇಕು.

ಸ್ಪೋರ್ಟ್ಸ್ ಕಾರಿನ ಪೇಂಟ್ ತುಂಬಾ ನಾಜೂಕು, ಅದಕ್ಕೇ ಬೇಗ ಚಿಪ್ ಆಗುತ್ತದೆ, ಅಂದ್ರೆ ಚೂರು ಎದ್ದುಹೋಗುತ್ತದೆ, ಅನ್ನುವ ಮಾತನ್ನು ಆಗಾಗ ಕೇಳುತ್ತೇನೆ. ಪೇಂಟಿನದೂ ಸ್ವಲ್ಪ ಪಾಲಿರಬಹುದು. ದೊಡ್ಡ ಕಾರಣ ಬೇರೆ. ಈ ಕಾರುಗಳ ಮೂತಿ ನೆಲಕ್ಕೆ ಹತ್ತಿರ. ಟೈರು ಅಗಲ, ರಬ್ಬರು ಮೆದು. ಓಡಿಸುವವರ ಕಾಲು ಭಾರ. ಎಲ್ಲವೂ ಸೇರಿ ಕಲ್ಲಿಗೂ ಪೇಂಟಿಗೂ ಭೇಟಿ ಮಾಡಿಸುತ್ತವೆ. ಹಾಗಾಗಿ ನನ್ನ ಲೆಕ್ಕದಲ್ಲಿ ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಅಂದ್ರೆ ಎಲ್ಲರ ಬಾಯಲ್ಲಿ ಪಿಪಿಎಫ್ ಆಗಿರುವ ಈ ಪಾರದರ್ಶಕ ಹಾಳೆ, ಓಡಿಸುವವರ ವಸ್ತು. ಕಾರನ್ನು ಹೊದಿಸಿ ನಿಲ್ಲಿಸುವವರಿಗೆ ಅದರಿಂದ ಸಿಗುವುದು ಕಡಿಮೆ. ವಿಚಿತ್ರ ನೋಡಿ, ಮೂತಿಯಿಂದ ಬಾಲದವರೆಗೆ ಫಿಲ್ಮ್ ಹೊದ್ದುಕೊಂಡ ಕಾರುಗಳಲ್ಲಿ ಎಷ್ಟೋ ಗ್ಯಾರೇಜ್ ಬಿಟ್ಟು ಹೊರಗೆ ಬರುವುದೇ ಅಪರೂಪ.

ಹಳೆಯ ಚಿಪ್ ಒಂದನ್ನು ಭೂತಗನ್ನಡಿ ಹಿಡಿದು ನೋಡಿದ್ದೀರಾ? ನನ್ನ ಕಾರಿನ ಬಾನೆಟ್ ತುದಿಯಲ್ಲಿ ಫಿಲ್ಮ್ ಹಾಕಿಸುವ ಮೊದಲಿನದೊಂದು ಇತ್ತು. ಬರಿಗಣ್ಣಿಗೆ ಅದು ಬರೀ ಬಿಳಿ ಚುಕ್ಕಿ. ಗಾಜಿನ ಕೆಳಗೆ ಅದೊಂದು ಗುಂಡಿ, ಅಂಚು ಹಂತ ಹಂತವಾಗಿ ಇಳಿಯುತ್ತದೆ. ಹೊರಗೆ ಕ್ಲಿಯರ್ ಕೋಟ್, ಅಂದ್ರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಒಡೆದ ಗೆರೆ. ಅದರ ಒಳಗೆ ಬಣ್ಣದ ಪದರದ ಕಿರಿದಾದ ಉಂಗುರ. ಆಮೇಲೆ ಬಣ್ಣಕ್ಕೂ ಮೊದಲು ಹೊಡೆಯುವ ಬೂದು ಪ್ರೈಮರ್. ನಟ್ಟನಡುವೆ ಸೂಜಿಮೊನೆಯಷ್ಟು ಹೊಳೆಯುವ ಲೋಹ. ಇದೆಲ್ಲದರ ಸುತ್ತ, ಒಡೆದ ಗೆರೆಯಿಂದಾಚೆಗೆ, ಮಬ್ಬುಬಿಳಿ ಬಣ್ಣದ ಒಂದು ವೃತ್ತ ಇತ್ತು. ನನ್ನ ಕಣ್ಣು ನಿಂತಿದ್ದು ಅಲ್ಲೇ. ಆ ಜಾಗದಲ್ಲಿ ಕ್ಲಿಯರ್ ಕೋಟ್ ಎದ್ದುಹೋಗಿಲ್ಲ, ಆದರೆ ಕೆಳಗಿನ ಪದರವನ್ನು ಬಿಟ್ಟಿದೆ. ನಡುವೆ ಗಾಳಿ ಸೇರಿಕೊಂಡಿದ್ದರಿಂದ ಬೆಳ್ಳಗೆ ಕಾಣುತ್ತದೆ. ಅಂದ್ರೆ ಏಟು ಬಿದ್ದ ಜಾಗಕ್ಕಿಂತ ಗಾಯ ಅಗಲ. ಮುಂದೆ ಯಾವತ್ತೋ ಇನ್ನೊಂದು ಕಲ್ಲು ಬಿದ್ದರೆ, ಅಥವಾ ತೊಳೆಯುವಾಗ ನೀರು ರಭಸವಾಗಿ ಬಡಿದರೆ, ಅದೂ ಎದ್ದು ಬರುತ್ತದೆ.

ಈ ಪದರಗಳೆಲ್ಲ ಎಷ್ಟು ದಪ್ಪ ಅಂತೀರಿ? ಕಾರ್ಖಾನೆಯಲ್ಲಿ ಹೊಡೆದ ಪೇಂಟ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ತುಕ್ಕು ತಡೆಯುವ ತಳದ ಇ-ಕೋಟ್ ಸುಮಾರು 20, ಅದರ ಮೇಲೆ ಪ್ರೈಮರ್ 30ರ ಆಸುಪಾಸು, ಕಣ್ಣಿಗೆ ಬಣ್ಣವಾಗಿ ಕಾಣುವ ಬೇಸ್ ಕೋಟ್ 15ರಿಂದ 20, ಮೇಲಿನ ಕ್ಲಿಯರ್ ಕೋಟ್ 40-50. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ನಾವು ಮುದ್ದು ಮಾಡುವ ಆ ಹೊಳಪು, ಆ ಕೆಂಪು, ಅದರ ಕೆಳಗಿನ ರಕ್ಷಣೆ, ಎಲ್ಲವೂ ಎರಡು ಕೂದಲಿನ ದಪ್ಪದಲ್ಲಿ ಮುಗಿದುಹೋಯಿತು.

ಕಾರು ತಯಾರಿಸುವವರಿಗೆ ಇದು ಗೊತ್ತಿಲ್ಲದ್ದಲ್ಲ. ಕಲ್ಲೇಟಿಗೆಂದೇ ಎಸ್‌ಎಇ ಜೆ400 ಅನ್ನುವ, ವಾಹನ ಎಂಜಿನಿಯರುಗಳ ಸಂಘದ ಪರೀಕ್ಷೆ ಇದೆ. ಗ್ರಾವೆಲೋಮೀಟರ್ ಅನ್ನುವ ಯಂತ್ರಕ್ಕೆ ಜರಡಿ ಹಿಡಿದು ಆರಿಸಿದ ಜಲ್ಲಿ ಸುರಿಯುತ್ತಾರೆ. ಒತ್ತಿ ತುಂಬಿದ ಗಾಳಿ ಅದನ್ನು ಪೇಂಟ್ ಹೊಡೆದ ತಗಡಿನ ಮೇಲೆ ಎರಚುತ್ತದೆ. ಆಮೇಲೆ ತಗಡಿಗೆ ಅಂಟು ಟೇಪ್ ಹಚ್ಚಿ ಕೀಳುತ್ತಾರೆ, ಸಡಿಲವಾದದ್ದೆಲ್ಲ ಎದ್ದು ಬರಲಿ ಅಂತ. ಉಳಿದ ಗುಂಡಿಗಳ ಸಂಖ್ಯೆ, ಗಾತ್ರ ನೋಡಿ ಅಂಕ ಕೊಡುತ್ತಾರೆ. ತಗಡನ್ನು ಮಂಜಿನಷ್ಟು ತಣ್ಣಗೆ ಮಾಡಿಯೂ ಹೊಡೆಯುವುದುಂಟು, ಯಾಕಂದ್ರೆ ಚಳಿಗೆ ಪೇಂಟ್ ಪೆಡಸಾಗಿ ಬೇಗ ಒಡೆಯುತ್ತದೆ. ಗಮನಿಸಿ, ಇಲ್ಲಿ ಕೇಳುವ ಪ್ರಶ್ನೆ ಚಿಪ್ ಆಗುತ್ತದೋ ಇಲ್ಲವೋ ಅಂತಲ್ಲ. ಎಷ್ಟು ಆಗುತ್ತದೆ, ಎಷ್ಟು ಆಳ ಹೋಗುತ್ತದೆ ಅಂತ.

ಉಕ್ಕಿನ ತಗಡಾದರೆ ಲೋಹ ಕಂಡ ಜಾಗದಲ್ಲಿ ತುಕ್ಕು ಶುರುವಾಗಿ ಪೇಂಟಿನ ಅಡಿಯಲ್ಲೇ ಹರಡುತ್ತದೆ. ಅಲ್ಯೂಮಿನಿಯಂಗೆ ಕೆಂಪು ತುಕ್ಕು ಇಲ್ಲ, ಆದರೆ ಅದೂ ಕೊರೆದುಹೋಗುತ್ತದೆ. ದಾರದೆಳೆಯಂಥ ಗೆರೆಗಳು ಪೇಂಟನ್ನು ಒಳಗಿನಿಂದ ಎತ್ತುತ್ತವೆ. ಬಂಪರ್ ಪ್ಲಾಸ್ಟಿಕ್, ಅದಕ್ಕೆ ನೋಟದ ಚಿಂತೆ ಬಿಟ್ಟರೆ ಬೇರೇನೂ ಇಲ್ಲ. ಚಿಪ್ ಆದ ಜಾಗಕ್ಕೆ ಬಣ್ಣ ಹಚ್ಚುವ ಟಚ್-ಅಪ್ ಬಾಟಲಿಯ ಬಗ್ಗೆ ನನಗೆ ದೊಡ್ಡ ನಂಬಿಕೆ ಇಲ್ಲ. ತುಕ್ಕು ತಡೆಯುವುದಕ್ಕೆ ಸರಿ, ಕಣ್ಣಿಗೆ ಮೋಸ ಮಾಡುವುದಕ್ಕೆ ಸಾಲದು. ಮೆಟಾಲಿಕ್ ಬಣ್ಣವಾದರೆ ಹಚ್ಚಿದ ಚುಕ್ಕಿ ಬೆಳಕಿಗೆ ತಿರುಗಿದಾಗಲೆಲ್ಲ ಬೇರೆಯಾಗಿ ಎದ್ದು ಕಾಣುತ್ತದೆ. ಇಡೀ ಬಂಪರ್ ಮತ್ತೆ ಪೇಂಟ್ ಮಾಡಿಸಬಹುದು. ಆದರೆ ಮುಂದೆ ಅದೇ ಕಾರನ್ನು ಕೊಳ್ಳಲು ಬಂದವರು ಪೇಂಟ್ ದಪ್ಪ ಅಳೆಯುವ ಮೀಟರ್ ಹಿಡಿದೇ ಬರುತ್ತಾರೆ. ಕಾರ್ಖಾನೆಯ ಪೇಂಟ್ ಉಳಿದಿರುವ ಕಾರಿಗೆ ಬೆಲೆಯೇ ಬೇರೆ.

ಫಿಲ್ಮಿನ ಹುಟ್ಟು ಕಾರಿನಲ್ಲಿ ಆಗಲಿಲ್ಲ. 1960ರ ದಶಕದಲ್ಲಿ, ವಿಯೆಟ್ನಾಂ ಯುದ್ಧದ ಕಾಲದಲ್ಲಿ, ಅಮೆರಿಕದ ಸೇನೆಗೆ ಹೆಲಿಕಾಪ್ಟರಿನ ರೆಕ್ಕೆಗಳ ಚಿಂತೆ ಇತ್ತು. ಮರಳು, ಧೂಳು, ಸಣ್ಣ ಕಲ್ಲು ಬಡಿದು ತಿರುಗುವ ರೆಕ್ಕೆಗಳ ಮುಂದಿನ ಅಂಚು ಸವೆದುಹೋಗುತ್ತಿತ್ತು. 3ಎಂ ಕಂಪನಿ ಅದಕ್ಕೆ ಪಾಲಿಯುರೆಥೇನ್ ಹಾಳೆಯ ಟೇಪ್ ಮಾಡಿಕೊಟ್ಟಿತು. ಪಾಲಿಯುರೆಥೇನ್ ಆಗಲೇ ಹಳೆಯ ವಸ್ತು. ಜರ್ಮನಿಯ ಒಟ್ಟೊ ಬೇಯರ್ ಅದರ ದಾರಿ ಕಂಡುಕೊಂಡದ್ದು 1937ರಲ್ಲಿ. ಮರಳು ಲೋಹವನ್ನೇ ತಿನ್ನುತ್ತದೆ, ಈ ಮೆತ್ತನೆಯ ಹಾಳೆಯನ್ನು ಅಷ್ಟು ಬೇಗ ತಿನ್ನಲಾರದು. ಗಟ್ಟಿಯಾದದ್ದೇ ತಡೆಯಬೇಕು ಅಂತ ನಮ್ಮ ಮನಸ್ಸು ಹೇಳುತ್ತದೆ, ಅಲ್ವಾ? ಇಲ್ಲಿ ಗೆದ್ದದ್ದು ಮೆತ್ತಗಿರುವುದು. ಇವತ್ತು ಗಾಳಿಯಂತ್ರಗಳ ರೆಕ್ಕೆಯ ಅಂಚಿಗೂ ಇದೇ ಬಗೆಯ ಟೇಪ್ ಹಚ್ಚುತ್ತಾರೆ.

ರೇಸ್ ಕಾರುಗಳ ಮೂತಿಗೆ ಅದು ಬಂದದ್ದು ಆಮೇಲೆ, ರಸ್ತೆಯ ಕಾರುಗಳಿಗೆ ಇನ್ನೂ ತಡವಾಗಿ. ಅದಕ್ಕೂ ಮೊದಲು ಅಮೆರಿಕದಲ್ಲಿ ಕಾರಿನ ಮುಖಕ್ಕೆ ಕಪ್ಪು ವಿನೈಲ್ ಮುಸುಕು ಕಟ್ಟುವ ಫ್ಯಾಷನ್ ಇತ್ತು. 1980ರ ದಶಕದ ಫೋಟೋಗಳಲ್ಲಿ ನೋಡಿರಬಹುದು. ಕಲ್ಲು ತಡೆಯಿತೇನೋ ನಿಜ. ಆದರೆ ಒಳಗೆ ಧೂಳು ಸೇರಿ, ಗಾಳಿಗೆ ಮುಸುಕು ಅಲುಗಾಡಿ, ಪೇಂಟನ್ನು ಅದೇ ಉಜ್ಜಿ ಮಂಕು ಮಾಡುತ್ತಿತ್ತು. ಮಳೆ ನೀರೂ ಅಲ್ಲೇ ನಿಲ್ಲುತ್ತಿತ್ತು. ರಕ್ಷಣೆಯ ಹೆಸರಿನಲ್ಲಿ ಅದಕ್ಕಿಂತ ಕೆಟ್ಟ ಉಪಾಯ ನನಗೆ ಗೊತ್ತಿಲ್ಲ. ನೋಡಲೂ ಚೆಂದ ಇರಲಿಲ್ಲ ಬಿಡಿ.

ಮೊದಲ ಕಾಲದ ಫಿಲ್ಮ್‌ಗಳಿಗೆ ಕೆಟ್ಟ ಹೆಸರು ಬಂದದ್ದು ಹಳದಿ ಬಣ್ಣದಿಂದ. ಪಾಲಿಯುರೆಥೇನಿನಲ್ಲಿ ಎರಡು ಕುಲ. ಅರೋಮ್ಯಾಟಿಕ್ ಅನ್ನುವುದು ಅಗ್ಗ, ಗಟ್ಟಿಮುಟ್ಟು, ಆದರೆ ಬಿಸಿಲಿನ ಅತಿನೇರಳೆ ಕಿರಣಕ್ಕೆ ಹಳದಿಯಾಗುತ್ತದೆ. ಅಲಿಫ್ಯಾಟಿಕ್ ಅನ್ನುವುದು ಹಾಗಾಗುವುದಿಲ್ಲ. ಈಗಿನ ಒಳ್ಳೆಯ ಫಿಲ್ಮ್‌ಗಳೆಲ್ಲ ಅಲಿಫ್ಯಾಟಿಕ್ ಟಿಪಿಯು, ಅಂದ್ರೆ ಶಾಖಕ್ಕೆ ಮೆದುವಾಗುವ ಬಗೆಯ ಪಾಲಿಯುರೆಥೇನ್. ಹೆಲಿಕಾಪ್ಟರಿನ ರೆಕ್ಕೆ ಹಳದಿಯಾದರೆ ಯಾರಿಗೇನು? ಬಿಳಿ ಕಾರಿನ ಬಂಪರ್ ಹಳದಿಯಾದರೆ ಮನೆಮಂದಿಗೆಲ್ಲ ಕಾಣುತ್ತದೆ. ಈ ವ್ಯಾಪಾರದ ಇನ್ನೊಂದು ದೊಡ್ಡ ಹೆಸರಾದ ಎಕ್ಸ್‌ಪೆಲ್ ಶುರುವಾದದ್ದು ಫಿಲ್ಮ್ ಮಾಡುವುದಕ್ಕಲ್ಲ. 1997ರಲ್ಲಿ ಅದು ಬೇರೆ ಬೇರೆ ಕಾರುಗಳಿಗೆ ಫಿಲ್ಮ್ ಕತ್ತರಿಸುವ ಅಚ್ಚುಗಳ ಸಾಫ್ಟ್‌ವೇರ್ ಮಾರುತ್ತಿತ್ತು. ಅಂದ್ರೆ ಹಾಳೆಗಿಂತ ಅದನ್ನು ಕಾರಿನ ಮೈಗೆ ಕೂರಿಸುವುದೇ ಕಷ್ಟದ ಕೆಲಸ ಅಂತ ಆಗಲೇ ಗೊತ್ತಾಗಿತ್ತು.

ಈಗಿನ ಫಿಲ್ಮ್ ಸುಮಾರು 200 ಮೈಕ್ರಾನ್ ದಪ್ಪ. ಕಾರಿನ ಇಡೀ ಪೇಂಟಿಗಿಂತ ದಪ್ಪ! ಅದರಲ್ಲಿ ಸುಮಾರು 150 ಟಿಪಿಯು. ಕೆಳಗೆ ಒತ್ತಿದರೆ ಹಿಡಿಯುವ ಅಕ್ರಿಲಿಕ್ ಅಂಟು, ಮೇಲೆ ತೆಳ್ಳಗಿನ ಟಾಪ್ ಕೋಟ್. ಕಲ್ಲು ಬಿದ್ದಾಗ ಟಿಪಿಯು ತಗ್ಗುತ್ತದೆ, ಏಟನ್ನು ಅಕ್ಕಪಕ್ಕಕ್ಕೆ ಹಂಚುತ್ತದೆ, ಆಮೇಲೆ ಮೇಲಕ್ಕೆ ಬರುತ್ತದೆ. ಗಟ್ಟಿ ಚೆಂಡನ್ನು ಕ್ಯಾಚ್ ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇವಲ್ಲ, ಅದೇ ಉಪಾಯ. ಚೆಂಡು ನಿಲ್ಲುವುದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಸಿಕ್ಕರೆ ಸಾಕು, ಅಂಗೈ ಉರಿಯುವುದಿಲ್ಲ. ಟಿಪಿಯುವಿನ ಒಳಗೆ ಮೆದು ಸರಪಳಿಗಳೂ ಗಟ್ಟಿ ಗಂಟುಗಳೂ ಬೆರೆತಿರುತ್ತವೆ. ಮೆದುವಾದದ್ದು ಹಿಗ್ಗುತ್ತದೆ, ಗಂಟುಗಳು ಅದನ್ನು ವಾಪಸ್ ಎಳೆಯುತ್ತವೆ.

ಗೀರು ತಾನೇ ಮಾಯವಾಗುತ್ತದೆ ಅಂತ ಮಾರುವವರು ಹೇಳುವುದು ಸುಳ್ಳಲ್ಲ, ಆದರೆ ಅರ್ಧ ಮಾತು. ಬಟ್ಟೆಯಲ್ಲಿ ಒರೆಸುವಾಗ ಆಗುವ ನವಿರು ಗೆರೆಗಳು ಟಾಪ್ ಕೋಟಿನಲ್ಲಿ ಇರುತ್ತವೆ. ಬಿಸಿಲಿಗೆ ನಿಲ್ಲಿಸಿದರೆ, ಅಥವಾ ಬಿಸಿನೀರು ಸುರಿದರೆ, ಆ ಪದರ ಸಡಿಲಗೊಂಡು ಮತ್ತೆ ಸಮ ಆಗುತ್ತದೆ. ಕಣ್ಣೆದುರೇ ಗೆರೆ ಕರಗುವುದು ನೋಡಲು ಮಜಾ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಕಲ್ಲು ಕತ್ತರಿಸಿ ತೂತು ಮಾಡಿದ ಜಾಗ ಕೂಡಿಕೊಳ್ಳುವುದಿಲ್ಲ. ಎಷ್ಟು ಬಿಸಿಲು ಕಾಯಿಸಿದರೂ ಅಷ್ಟೇ. ವಾರಂಟಿ ಕಾಗದವನ್ನು ಪೂರ್ತಿ ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಹಳದಿಯಾಗುವುದು, ಬಿರುಕು ಬಿಡುವುದು, ಗುಳ್ಳೆ ಏಳುವುದು, ಅಂಟು ಬಿಡುವುದು, ಸಾಮಾನ್ಯವಾಗಿ ಇವಕ್ಕೆ ಭರವಸೆ. ಕಲ್ಲು ಬಡಿದು ಹರಿದರೆ ಅದು ನಮ್ಮ ತಲೆನೋವು. ಫಿಲ್ಮ್ ಇರುವುದೇ ಏಟು ತಿನ್ನಲಿಕ್ಕೆ, ಹಾಗಾಗಿ ನನಗೆ ಇದು ಅನ್ಯಾಯ ಅನ್ನಿಸುವುದಿಲ್ಲ.

ದೊಡ್ಡ ಕಲ್ಲಿನ ಎದುರು ಫಿಲ್ಮಿನ ಆಟ ನಡೆಯುವುದಿಲ್ಲ. ತಗಡು ಡೆಂಟ್ ಆಗುವಷ್ಟು ಏಟು ಬಿದ್ದರೆ ಪೇಂಟ್ ಒಡೆಯದೆ ಇರಬಹುದು, ಆದರೆ ಡೆಂಟ್ ಆಗಿಯೇ ಆಗುತ್ತದೆ.

ಸೆರಾಮಿಕ್ ಕೋಟಿಂಗ್ ಮಾಡಿಸಿದ್ದೇನೆ, ಇನ್ನು ಕಲ್ಲಿನ ಭಯ ಇಲ್ಲ ಅನ್ನುವವರು ಸಿಕ್ಕಾಗ ನನಗೆ ಸುಮ್ಮನಿರಲು ಆಗುವುದಿಲ್ಲ. ಪೇಂಟಿನ ಮೇಲೆ ದ್ರವವಾಗಿ ಸವರಿ ಗಟ್ಟಿಯಾಗಲು ಬಿಡುವ ಆ ಪದರ ಒಂದೆರಡು ಮೈಕ್ರಾನ್. ಕೂದಲಿನ ದಪ್ಪದಲ್ಲಿ ಮೂವತ್ತನೇ ಒಂದು ಪಾಲೂ ಅಲ್ಲ. ನೀರು ಜಾರುತ್ತದೆ, ಕೊಳೆ ಬೇಗ ಬಿಡುತ್ತದೆ, ಹೊಳಪು ಚೆನ್ನಾಗಿರುತ್ತದೆ. ತೊಳೆಯುವ ಕೆಲಸ ಅರ್ಧ ಆಗುತ್ತದೆ. ಅದಕ್ಕಾಗಿ ಮಾಡಿಸಿ, ಬೇಡ ಅನ್ನುವುದಿಲ್ಲ. ಆದರೆ ಅದು ಗಾಜಿನ ಥರ ಗಡುಸು. ತಗ್ಗಿ ಏಟು ನುಂಗುವ ಗುಣ ಅದಕ್ಕಿಲ್ಲ. ಕಲ್ಲಿಗೆ ಅದು ಇದ್ದದ್ದೂ ಗೊತ್ತಾಗುವುದಿಲ್ಲ.

ಹಾಗಾದರೆ ಫಿಲ್ಮ್ ಎಲ್ಲಿಗೆ? ಇದರ ಉತ್ತರ ಕೋನದಲ್ಲಿದೆ. ನೆಟ್ಟಗೆ ನಿಂತ ಬಂಪರಿಗೆ ಕಲ್ಲು ಎದುರಾ ಎದುರು ಬಡಿಯುತ್ತದೆ. ಓರೆಯಾಗಿ ಮಲಗಿದ ಬಾನೆಟ್ಟಿಗೆ ಅದೇ ಕಲ್ಲು ಸವರಿಕೊಂಡು ಹೋಗುತ್ತದೆ. ಮೇಲ್ಮೈಯೊಳಕ್ಕೆ ಚುಚ್ಚುವ ವೇಗದ ಪಾಲಷ್ಟೇ ಪೇಂಟನ್ನು ಒಡೆಯುವುದು. 10 ಡಿಗ್ರಿ ಓರೆಯಲ್ಲಿ ಬಡಿದರೆ ಆ ಪಾಲು ಒಟ್ಟು ವೇಗದ ಆರನೇ ಒಂದರಷ್ಟು, ಶಕ್ತಿಯ ಲೆಕ್ಕದಲ್ಲಿ ನೂರಕ್ಕೆ ಮೂರು. ಈಗ ಕಾರನ್ನು ಒಮ್ಮೆ ಮುಂದಿನಿಂದ, ನೆಲಕ್ಕೆ ಹತ್ತಿರ ಕೂತು ನೋಡಿ. ನೆಟ್ಟಗೆ ನಿಮ್ಮ ಕಡೆ ಮುಖ ಮಾಡಿರುವುದು ಏನೇನು? ಬಂಪರ್, ಅದರ ಕೆಳಗಿನ ತುಟಿ, ಬಾನೆಟ್ಟಿನ ಮುಂದಿನ ಬಾಗು, ಹೆಡ್‌ಲ್ಯಾಂಪ್, ಕನ್ನಡಿಗಳ ಬೆನ್ನು, ಗಾಜಿನ ಎರಡು ಪಕ್ಕದ ಕಂಬಗಳು, ಗಾಜಿನ ಮೇಲೆ ರೂಫ್ ಶುರುವಾಗುವ ಸಣ್ಣ ಪಟ್ಟಿ. ಕಲ್ಲಿಗೆ ಕಾಣುವುದೂ ಇಷ್ಟೇ. ಬಾಗಿಲಿನ ಮೇಲ್ಭಾಗ, ಡಿಕ್ಕಿಯ ಮುಚ್ಚಳ, ರೂಫಿನ ಬಯಲು, ಇವಕ್ಕೆ ಕಲ್ಲು ಹೋಗಿ ಸೇರುವುದೇ ಕಷ್ಟ.

ರೂಫಿನ ಆ ಪಟ್ಟಿಯನ್ನು ಹೆಚ್ಚಿನವರು ಮರೆಯುತ್ತಾರೆ. ಬಾನೆಟ್ ಸವರಿದ ಕಲ್ಲು ಗಾಜಿಗೆ ಬಡಿದು ಮೇಲಕ್ಕೆ ಹಾರುತ್ತದೆ, ಅಥವಾ ಮೊದಲೇ ಎತ್ತರಕ್ಕೆ ಎದ್ದದ್ದು ನೇರ ಅಲ್ಲಿಗೇ ಬರುತ್ತದೆ. ತಗ್ಗಾದ ಕಾರಿನಲ್ಲಿ ಅದು ದೊಡ್ಡ ಗಾಡಿಗಳ ಟೈರಿಗಿಂತ ಹೆಚ್ಚೇನೂ ಮೇಲಿರುವುದಿಲ್ಲ.

ಇಷ್ಟು ಹೊರಗಿನ ಕಲ್ಲಿನ ಕಥೆ. ನಮ್ಮದೇ ಟೈರು ಮಾಡುವ ಕಿತಾಪತಿ ಬೇರೆ. ಸ್ಪೋರ್ಟ್ಸ್ ಟೈರಿನ ಮೆದು ರಬ್ಬರು ಬಿಸಿಯಾದಾಗ ಸಿಕ್ಕಿದ್ದನ್ನೆಲ್ಲ ಅಂಟಿಸಿಕೊಳ್ಳುತ್ತದೆ. ಮುಂದಿನ ಟೈರು ಅದನ್ನು ಎತ್ತಿ ಬಿಟ್ಟರೆ ಬಾಗಿಲ ಕೆಳಗಿನ ಸಿಲ್ ಪಟ್ಟಿಗೂ ಹಿಂದಿನ ಚಕ್ರದ ಮುಂದಿನ ಉಬ್ಬಿಗೂ ಬಡಿಯುತ್ತದೆ. ಸೊಂಟ ಅಗಲವಾದ ಕಾರಿಗೆ ಇದು ತಪ್ಪಿದ್ದಲ್ಲ. 70ರ ದಶಕದ ಪೋರ್ಷೆ 911 ಟರ್ಬೊ ನೋಡಿ. ಹಿಂದಿನ ಫೆಂಡರಿನ ಉಬ್ಬಿನ ಮುಂದೆ ಕಪ್ಪು ರಬ್ಬರಿನ ತುಂಡು ಇರುತ್ತದೆ. ಅದು ಅಲಂಕಾರಕ್ಕಲ್ಲ, ಕಲ್ಲಿಗೆ. ಈಚಿನ ಎಷ್ಟೋ 911ಗಳಲ್ಲಿ ಅದೇ ಜಾಗಕ್ಕೆ ಕಾರ್ಖಾನೆಯಲ್ಲೇ ಪಾರದರ್ಶಕ ಫಿಲ್ಮ್ ಹಚ್ಚಿ ಕಳಿಸುತ್ತಾರೆ. ಫಿಲ್ಮ್ ಹಾಕಿಸುವುದು ಅತಿ ಕಾಳಜಿ ಅಂತ ನಗುವವರಿಗೆ ನಾನು ತೋರಿಸುವುದು ಆ ಮೂಲೆಯನ್ನೇ. ಕಾರು ಮಾಡಿದವರೇ ಒಪ್ಪಿಕೊಂಡಿದ್ದಾರೆ.

ಹೀಗೆ ಲೆಕ್ಕ ಹಾಕುತ್ತ ಹೋದರೆ ಇಡೀ ಮೈಗೆ ಫಿಲ್ಮ್ ಹಾಕಿಸುವುದಕ್ಕೆ ಕಲ್ಲು ಕಾರಣ ಆಗುವುದಿಲ್ಲ. ಗೀರು, ಹಕ್ಕಿ ಹಿಕ್ಕೆ, ಪಕ್ಕದ ಕಾರಿನ ಬಾಗಿಲು, ಇವೆಲ್ಲ ಕಾರಣ ಇರಬಹುದು. ಅದು ಬೇರೆ ಆಸೆ, ಬೇರೆ ಖರ್ಚು. ನನ್ನ ಗೆಳೆಯನೊಬ್ಬ ಇದ್ದಾನೆ. ಅವನ ಕಾರಿಗೆ ಇಂಧನ ತುಂಬುವ ಮುಚ್ಚಳದ ಒಳಗಿನ ಅಂಚಿಗೂ ಫಿಲ್ಮ್ ಇದೆ. ಒಂದು ಸಲ ಬೆಟ್ಟದ ರಸ್ತೆಗೆ ಹೋಗೋಣ ಬಾರೋ ಅಂದೆ. "ಆ ರಸ್ತೇಲಿ ಜಲ್ಲಿ ಜಾಸ್ತಿ ಕಣೋ, ಫಿಲ್ಮ್ ಹಾಳಾಗುತ್ತೆ" ಅಂದ. ನಾನು ನಕ್ಕೆ. ಅವನು ನಗಲಿಲ್ಲ. ಪೇಂಟ್ ಉಳಿಸಲು ಫಿಲ್ಮ್, ಫಿಲ್ಮ್ ಉಳಿಸಲು ಗ್ಯಾರೇಜ್. ಇನ್ನು ಕಾರು ಯಾವುದಕ್ಕೆ? ಅವನಿಗೂ ಇದಕ್ಕೆ ಉತ್ತರ ಇದೆ ಅನ್ನಿ. ಬೆಳಗ್ಗೆ ಎದ್ದು ಒಂದು ಗೀರೂ ಇಲ್ಲದ ಆ ಬಣ್ಣ ನೋಡುವುದೇ ಅವನಿಗೆ ಖುಷಿ. ಇರಲಿ. ಆ ಖುಷಿ ನನಗೆ ಅರ್ಥ ಆಗುತ್ತದೆ, ನನ್ನದಲ್ಲ ಅಷ್ಟೇ.

ತೂಕದ ಮಾತನ್ನು ಎತ್ತುವವರೂ ಇದ್ದಾರೆ. ಕಾರ್ಪೆಟ್ ಕಿತ್ತು, ಸ್ಪೀಕರ್ ಕಿತ್ತು ಗ್ರಾಂ ಲೆಕ್ಕದಲ್ಲಿ ತೂಕ ಇಳಿಸುವ ಜನ. ಸುಮಾರು 20 ಚದರ ಮೀಟರ್ ಹಾಳೆ ಹಿಡಿದರೆ ಇಡೀ ಮೈಯ ಫಿಲ್ಮ್ ನಾಲ್ಕೈದು ಕಿಲೋ ಆಗಬಹುದು. ಓಡಿಸುವವರು ಬೆಳಗಿನ ತಿಂಡಿ ಬಿಟ್ಟರೂ ಅಷ್ಟು ಸರಿಹೋಗುವುದಿಲ್ಲ, ಆದರೂ ಇದನ್ನು ತಲೆಗೆ ಹಚ್ಚಿಕೊಳ್ಳುವಂಥದ್ದಲ್ಲ.

ಬಾನೆಟ್ಟಿನ ವಿಷಯದಲ್ಲಿ ಮಾತ್ರ ನಾನು ನನ್ನ ಲೆಕ್ಕವನ್ನೇ ಮೀರುತ್ತೇನೆ. ಏಟು ಬೀಳುವುದು ಮುಂದಿನ ಕಾಲುಭಾಗಕ್ಕೆ, ನಿಜ. ಅಷ್ಟಕ್ಕೇ ಫಿಲ್ಮ್ ಹಾಕಿ ನಿಲ್ಲಿಸಿದರೆ ನಡುವೆ ಒಂದು ಗೆರೆ ಉಳಿಯುತ್ತದೆ. ಹೊಸದರಲ್ಲಿ ಕಾಣುವುದಿಲ್ಲ. ಆಮೇಲೆ ಅಲ್ಲಿ ಕೊಳೆ, ವ್ಯಾಕ್ಸ್ ಸೇರಿ ಕಪ್ಪು ಗೆರೆಯೋ ಬಿಳಿ ಗೆರೆಯೋ ಆಗುತ್ತದೆ. ಚಾಲಕನ ಸೀಟಿನಿಂದ ನೇರವಾಗಿ ಕಾಣುವ ಜಾಗ ಅದು. ದಿನಾ ಆ ಗೆರೆ ನೋಡುವುದಕ್ಕಿಂತ ಪೂರ್ತಿ ಬಾನೆಟ್ ಮುಚ್ಚಿ, ಅಂಚನ್ನು ಒಳಕ್ಕೆ ಮಡಚಿಸುವುದೇ ಲೇಸು. ಕಲ್ಲಿಗಲ್ಲ, ನನ್ನ ಕಣ್ಣಿಗೆ.

ಹಚ್ಚುವ ಕೆಲಸದಲ್ಲಿ ಮೊದಲ ಅರ್ಧದಷ್ಟು ಹೊತ್ತು ಫಿಲ್ಮ್ ಹೊರಗೆ ಬರುವುದೇ ಇಲ್ಲ. ತೊಳೆಯಬೇಕು. ಬ್ರೇಕಿನಿಂದ ಹಾರಿ ಕೂತ ಕಬ್ಬಿಣದ ಕಣ ಕರಗಿಸಬೇಕು. ಜೇಡಿಯಂಥ ಕ್ಲೇ ಮುದ್ದೆ ಉಜ್ಜಿ ಟಾರಿನ ಚುಕ್ಕಿ ತೆಗೆಯಬೇಕು. ಹಳೆಯ ಗೀರಿದ್ದರೆ ಪಾಲಿಶ್ ಮಾಡಬೇಕು, ಯಾಕಂದ್ರೆ ಫಿಲ್ಮಿನ ಕೆಳಗೆ ಹೋದದ್ದು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಒಂದು ಧೂಳಿನ ಕಣ ಸಿಕ್ಕಿಕೊಂಡರೆ ಅದು ದೊಡ್ಡ ಗುಳ್ಳೆಯಾಗಿ ಕಾಣುತ್ತದೆ. ಹಾಗಾಗಿ ಒಳ್ಳೆಯ ಕೆಲಸಗಾರರು ಫ್ಯಾನ್ ಆರಿಸಿ, ನೆಲ ಒದ್ದೆ ಮಾಡಿ ಶುರು ಮಾಡುತ್ತಾರೆ.

ನನ್ನ ಕಾರಿನ ಬಂಪರ್ ಹಚ್ಚುವಾಗ ನಾನು ಅಲ್ಲೇ ನಿಂತಿದ್ದೆ. ಕೆಲಸ ಮಾಡುತ್ತಿದ್ದ ಹುಡುಗ ಎರಡು ಸ್ಪ್ರೇ ಬಾಟಲಿ ಇಟ್ಟುಕೊಂಡಿದ್ದ. ಒಂದರಲ್ಲಿ ನೀರಿಗೆ ಕೆಲವು ಹನಿ ಮಕ್ಕಳ ಶಾಂಪೂ, ಫಿಲ್ಮ್ ಜಾರಲಿ ಅಂತ. ಇನ್ನೊಂದರಲ್ಲಿ ನೀರು ಮತ್ತು ಆಲ್ಕೋಹಾಲ್, ಬೇಕಾದ ಜಾಗದಲ್ಲಿ ಬೇಗ ಹಿಡಿಯಲಿ ಅಂತ. ಮೊದಲು ನಡುಮಧ್ಯೆ ಹಿಡಿಸಿದ. ಆಮೇಲೆ ಸ್ಕ್ವೀಜಿ ಅನ್ನುವ ಒರೆಸುವ ಪಟ್ಟಿಯಲ್ಲಿ ನೀರನ್ನು ಅಂಚಿನ ಕಡೆ ತಳ್ಳುತ್ತ ಹೋದ, ಒಂದು ಎಳೆತದ ಮೇಲೆ ಇನ್ನೊಂದು ಅರ್ಧ ಬರುವಂತೆ. ಗಾಳಿ ಹೋಗುವ ಬಾಯಿಯ ಮೂಲೆಗೆ ಬಂದಾಗ ಕೈ ನಿಧಾನ ಆಯಿತು. ಅಲ್ಲಿ ಬಂಪರ್ ಒಂದೇ ಜಾಗದಲ್ಲಿ ಹೊರಕ್ಕೂ ಉಬ್ಬುತ್ತದೆ, ಒಳಕ್ಕೂ ತಿರುಗುತ್ತದೆ. ಚಪ್ಪಟೆ ಹಾಳೆಗೆ ಅಂಥ ಜಾಗ ಅಂದ್ರೆ ಆಗುವುದಿಲ್ಲ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸುಕ್ಕು. ಅವನು ಎಳೆದ, ಬಿಟ್ಟ, ನೀರು ಹೊಡೆದ, ಮತ್ತೆ ಎತ್ತಿದ, ಸ್ವಲ್ಪ ಶಾಖ ಕೊಟ್ಟ, ಬೆರಳಿನ ತುದಿಯಲ್ಲಿ ಒತ್ತಿ ಹಿಡಿದು ಎಣಿಸುವ ಹಾಗೆ ನಿಂತ.

ಪೂರ್ತಿ ಎಳೆದು ಒಮ್ಮೆಲೇ ಕೂರಿಸಬಾರದಾ ಅಂತ ಕೇಳಿದೆ. "ಎಳೆದಷ್ಟೂ ಬರುತ್ತೆ ಸರ್. ಆದ್ರೆ ಆಮೇಲೆ ಅದು ವಾಪಸ್ ಹೋಗೋಕೆ ನೋಡುತ್ತೆ" ಅಂದ. ಫಿಲ್ಮಿನ ಬಗ್ಗೆ ನಾನು ಕೇಳಿದ ಅತ್ಯಂತ ಉಪಯೋಗದ ಮಾತು ಅದು. ಕಲ್ಲೇಟು ತಿಂದು ಮತ್ತೆ ಮೇಲೇಳುವ ಅದೇ ಗುಣ, ಹಚ್ಚುವಾಗ ಶತ್ರು. ಅತಿಯಾಗಿ ಎಳೆದು ಕೂರಿಸಿದ ಮೂಲೆ ವಾರ ಕಳೆಯುವುದರೊಳಗೆ ಬಿಟ್ಟುಕೊಳ್ಳುತ್ತದೆ. ಎಳೆದ ಜಾಗದಲ್ಲಿ ಅಂಟಿನ ಗೆರೆಗಳೂ ಕಾಣುತ್ತವೆ. ಬಾಕ್ಸಿನ ಮೇಲಿನ ಹೆಸರಿಗಿಂತ ಆ ಕೈ ಮುಖ್ಯ ಅಂತ ನಾನು ನಂಬುವುದು ಇದಕ್ಕೇ. ಯಾರ ಹತ್ತಿರ ಮಾಡಿಸಲಿ ಅಂತ ಕೇಳಿದರೆ, ಅವರು ಹಿಂದೆ ಮಾಡಿದ ಒಂದು ಹಳೆಯ ಕೆಲಸ ನೋಡಿ ಅನ್ನುತ್ತೇನೆ. ಹೊಸ ಕೆಲಸ ಎಲ್ಲರದ್ದೂ ಚೆಂದವೇ. ಒಂದು ವರ್ಷ ಓಡಿದ ಕಾರಿನ ಬಂಪರ್ ಮೂಲೆಗಳು ಹೇಗಿವೆ ಅನ್ನುವುದು ನಿಜ ಹೇಳುತ್ತದೆ.

ಅಚ್ಚಿನ ಪ್ರಕಾರ ಯಂತ್ರದಲ್ಲಿ ಕತ್ತರಿಸಿ ತಂದು ಹಚ್ಚುವುದು ಒಂದು ದಾರಿ. ದೊಡ್ಡ ಹಾಳೆ ಹೊದಿಸಿ ಕಾರಿನ ಮೇಲೆಯೇ ಬ್ಲೇಡಿನಲ್ಲಿ ಕತ್ತರಿಸುವುದು ಇನ್ನೊಂದು. ಎರಡನೆಯದರಲ್ಲಿ ಅಂಚು ಚೆನ್ನಾಗಿ ಒಳಗೆ ಹೋಗುತ್ತದೆ, ಗೆರೆ ಕಾಣುವುದಿಲ್ಲ. ಆದರೆ ಬ್ಲೇಡ್ ಕೂದಲೆಳೆಯಷ್ಟು ಆಳ ಹೋದರೂ ಪೇಂಟ್ ಸೀಳುತ್ತದೆ, ಅದೂ ಫಿಲ್ಮ್ ತೆಗೆದಾಗಲೇ ಗೊತ್ತಾಗುವುದು. ನುರಿತ ಕೈ ಇದ್ದರೆ ಸರಿ. ನನಗೆ ಅಚ್ಚಿನದೇ ನೆಮ್ಮದಿ. ಬ್ಯಾಡ್ಜ್ ಸುತ್ತ ತೆಳ್ಳಗಿನ ಗೆರೆ ಕಂಡರೆ ಕಾಣಲಿ.

ಮತ್ತೆ ಪೇಂಟ್ ಮಾಡಿಸಿದ ಭಾಗಕ್ಕೆ ಅವಸರ ಬೇಡ. ಹೊಸ ಪೇಂಟಿನಿಂದ ದ್ರಾವಕ ಪೂರ್ತಿ ಆರಿಹೋಗಲು ವಾರಗಳು ಬೇಕು. ಅದಕ್ಕೂ ಮೊದಲು ಮುಚ್ಚಿದರೆ ಗುಳ್ಳೆ ಏಳುತ್ತದೆ. ಮುಂದೆ ಫಿಲ್ಮ್ ಕೀಳುವಾಗ ಪೇಂಟೂ ಜೊತೆಗೆ ಬರಬಹುದು. ಕಾರ್ಖಾನೆಯ ಪೇಂಟ್ ಬೆಂದು ಗಟ್ಟಿಯಾಗಿ ಹಿಡಿದಿರುತ್ತದೆ, ಅದಕ್ಕೆ ಆ ಭಯ ಕಡಿಮೆ.

ಪಿವಿಸಿ ಪ್ಲಾಸ್ಟಿಕ್ ಹಾಳೆಯನ್ನು ಪಿಪಿಎಫ್ ಅಂತ ಮಾರುವ ವ್ಯಾಪಾರವೂ ಜೋರಾಗಿದೆ. ಒಂದು ತುಂಡು ಕೇಳಿ, ಎಳೆದು ಬಿಟ್ಟು ನೋಡಿ. ಟಿಪಿಯು ಚೆನ್ನಾಗಿ ಹಿಗ್ಗಿ ತನ್ನ ಅಳತೆಗೆ ಮರಳುತ್ತದೆ. ಪಿವಿಸಿ ಎಳೆದಲ್ಲೇ ಉಳಿಯುತ್ತದೆ, ಇಲ್ಲವೇ ಹರಿಯುತ್ತದೆ.

ಹಚ್ಚಿದ ಮೇಲೆ ಮೊದಲ ವಾರ ತೊಳೆಯಬಾರದು. ಒಳಗೆ ಉಳಿದ ನೀರಿನ ಮಬ್ಬು ತಾನೇ ಆರುತ್ತದೆ, ಸೂಜಿ ಚುಚ್ಚಲು ಹೋಗಬೇಡಿ. ಪ್ರೆಷರ್ ವಾಷರ್ ಬಳಸುವಾಗ ಅಂಚಿಗೆ ಹತ್ತಿರ ಹಿಡಿಯಬಾರದು, ನೀರಿನ ಅಲಗು ಅಂಚನ್ನು ಎತ್ತಿಬಿಡುತ್ತದೆ. ಸತ್ತ ಹುಳ, ಹಕ್ಕಿ ಹಿಕ್ಕೆ ಬಿಸಿಲಲ್ಲಿ ಒಣಗಲು ಬಿಟ್ಟರೆ ಫಿಲ್ಮಿಗೂ ಕಲೆ ಹಿಡಿಯುತ್ತದೆ. ಇಷ್ಟು ಬಿಟ್ಟರೆ ಅದನ್ನು ಮರೆತು ಓಡಿಸಬಹುದು.

ಮರೆತು ಓಡಿಸುವುದು ಅಂದೆನಲ್ಲ, ಪೂರ್ತಿ ಅಲ್ಲ. ಲಾರಿಯ ಬಾಲ ಹಿಡಿದು ಹೋಗುವ ಅಭ್ಯಾಸ ಫಿಲ್ಮ್ ಬಂದ ಮೇಲೂ ಬಿಡಬೇಕಾದದ್ದೇ. ಎದ್ದ ಕಲ್ಲು ನೆಲಕ್ಕೆ ವಾಪಸ್ ಬೀಳಲು ಸ್ವಲ್ಪ ಹೊತ್ತು ಬೇಕು. ಅಷ್ಟು ದೂರ ಬಿಟ್ಟರೆ ಅದಕ್ಕೆ ಗುದ್ದುವ ಪ್ರಸಂಗವೇ ಬರುವುದಿಲ್ಲ. ಗಾಜಿಗೂ ಅದೇ ಒಳ್ಳೆಯದು, ಅಲ್ಲಿ ಫಿಲ್ಮ್ ಇಲ್ಲವಲ್ಲ.

ನನ್ನ ಬಂಪರಿನ ಫಿಲ್ಮ್ ಈಗ ಹತ್ತಿರದಿಂದ ನೋಡಿದರೆ ಚೆನ್ನಾಗಿಲ್ಲ. ಚುಕ್ಕಿಗಳಿವೆ. ಕೆಳತುಟಿಯ ಹತ್ತಿರ ಕೆಲವು ಕಡೆ ತೂತು ಬಿದ್ದು ಅಂಚಿಗೆ ಕೊಳೆ ಹಿಡಿದಿದೆ. ಬದಲಾಯಿಸುವ ಕಾಲ ಬಂದಿದೆ. ಶಾಖ ಕೊಟ್ಟು, ಮೈಗೆ ಸಮಾನಾಂತರವಾಗಿ ಮಡಚಿ, ನಿಧಾನಕ್ಕೆ ಎಳೆಯಬೇಕು. ನೇರ ಮೇಲಕ್ಕೆ ಕಿತ್ತರೆ ಅಂಟು ಪೇಂಟಿನ ಮೇಲೇ ಉಳಿಯುತ್ತದೆ. ತುಂಬಾ ವರ್ಷ ಬಿಟ್ಟರೂ ಇದೇ ಪಾಡು, ಅಂಟು ಗಟ್ಟಿಯಾಗಿ ಫಿಲ್ಮ್ ಚೂರುಚೂರಾಗಿ ಬರುತ್ತದೆ. ಬಾನೆಟ್ಟಿನದು ಇನ್ನೂ ಚೆನ್ನಾಗಿದೆ, ಅದನ್ನು ಮುಟ್ಟುವುದಿಲ್ಲ. ಬಂಪರಿನದೊಂದನ್ನು ತೆಗೆಸಿ ಹೊಸದು ಹಾಕಿಸುತ್ತೇನೆ. ಹಿಂದಿನ ಚಕ್ರದ ಮುಂದಿನ ಉಬ್ಬಿಗೆ ಈ ಸಲ ದಪ್ಪನೆಯ ಫಿಲ್ಮ್ ಸಿಗುತ್ತದಾ ಅಂತ ಆ ಹುಡುಗನನ್ನೇ ಕೇಳಬೇಕು.